ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಹೋದರೆ ಎಲ್ಲಿ ಕೂರಬೇಕು? ಅಮೆರಿಕಕ್ಕೆ ಓದಲು ಹೋದವರಿಗೊಂದು ಸಮಗ್ರ ಮಾರ್ಗದರ್ಶಿ

ಆಗಸ್ಟ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಬಂದಿಳಿದ ನಮ್ಮ ವಿದ್ಯಾರ್ಥಿಯ ಮೊದಲ ದಿನಗಳು ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಸೋನಾ ಮಸೂರಿ ಸಿಗುವ ಅಂಗಡಿ ಇವುಗಳ ಹುಡುಕಾಟದಲ್ಲೇ ಕಳೆದುಹೋಗುತ್ತವೆ. ಅಷ್ಟರಲ್ಲಿ ಒಂದು ಶನಿವಾರ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ದಿಕ್ಕಿಗೆ ನಡೆಯತೊಡಗುತ್ತದೆ. ಪ್ರಯೋಗಾಲಯದ ಗೆಳೆಯನೊಬ್ಬ ‘ಟಿಕೆಟ್ ತೆಗೆದುಕೊಂಡಿದ್ದೀಯಾ?’ ಎಂದು ಕೇಳುತ್ತಾನೆ. ಟಿಕೆಟ್ ಸಿಗುವುದು ಅಷ್ಟೇನೂ ಕಷ್ಟವಲ್ಲ. ಸಿಕ್ಕ ಮೇಲೆ ಆ ಸಮುದ್ರದಂಥ ಕ್ರೀಡಾಂಗಣದಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅಲ್ಲಿನವರು ಚಿಕ್ಕಂದಿನಿಂದ ನೋಡಿಕೊಂಡು ಬಂದಿರುತ್ತಾರೆ. ಇದು ಹೇಳಿಕೊಡಬೇಕಾದ ಸಂಗತಿ ಎಂದು ಅವರಿಗೆ ಹೊಳೆಯುವುದೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ಗೊತ್ತಿಲ್ಲದವರು ಮೈದಾನಕ್ಕೆ ಹತ್ತಿರವಾದ ಜಾಗಕ್ಕೆ ಆಸೆಪಡಬಾರದು, ಎತ್ತರದ ಜಾಗ ಹಿಡಿಯಬೇಕು. ಮುಂದಿನ ಸಾಲು ಕೂಗುವವರಿಗೆ, ಮೇಲಿನ ಸಾಲು ನೋಡುವವರಿಗೆ. ಮೊದಲ ಪಂದ್ಯಕ್ಕೆ ನೋಡುವವರಾಗಿ ಹೋಗಿ; ಕೂಗುವುದಕ್ಕೆ ಮುಂದೆ ಬೇಕಾದಷ್ಟು ಶನಿವಾರಗಳಿವೆ.

1. ನಿಮ್ಮ ವಿಶ್ವವಿದ್ಯಾಲಯಕ್ಕೆ ತಂಡ ಇದೆಯೇ ನೋಡಿಕೊಳ್ಳಿ

ನಗು ಬರಬಹುದು, ಆದರೂ ಶುರು ಮಾಡಬೇಕಾದದ್ದು ಇಲ್ಲಿಂದಲೇ. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಓದುವ ಹಲವು ಕಡೆ ಫುಟ್‌ಬಾಲ್ ತಂಡವೇ ಇಲ್ಲ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ತನ್ನ ತಂಡವನ್ನು 2009ರಲ್ಲಿ ಮುಚ್ಚಿತು. ಟೆಕ್ಸಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆ ಆ ಕೆಲಸವನ್ನು 1985ರಲ್ಲೇ ಮಾಡಿತ್ತು. ಇಂಥ ಕಡೆ ಓದುವವರು ಹತ್ತಿರದ ಬೇರೊಂದು ವಿಶ್ವವಿದ್ಯಾಲಯದ ಪಂದ್ಯಕ್ಕೆ ಸಾರ್ವಜನಿಕರ ಟಿಕೆಟ್ ಕೊಂಡು ಹೋಗಬೇಕಾಗುತ್ತದೆ. ದುಡ್ಡು ಹೆಚ್ಚಾದರೂ ಅದರಲ್ಲೊಂದು ಲಾಭವಿದೆ: ಜಾಗವನ್ನು ನೀವೇ ಆರಿಸಿಕೊಳ್ಳಬಹುದು. ವಿದ್ಯಾರ್ಥಿ ಟಿಕೆಟ್‌ನಲ್ಲಿ ಆ ಸ್ವಾತಂತ್ರ್ಯ ಅರ್ಧಕ್ಕರ್ಧ ಇರುವುದಿಲ್ಲ.

2. ಮೈದಾನವನ್ನು ಓದಿಕೊಳ್ಳಿ

ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಕಾಲೇಜುಗಳ ನಡುವೆ ಇದರ ಮೊದಲ ಪಂದ್ಯ ಎಂದು ದಾಖಲಾಗಿರುವುದು 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದದ್ದು. ಇಂದಿನ ಮೈದಾನದ ಉದ್ದ 100 ಯಾರ್ಡ್. ಅದರ ಎರಡೂ ತುದಿಗೆ ತಲಾ 10 ಯಾರ್ಡ್‌ನ ‘ಎಂಡ್ ಝೋನ್’ ಎಂಬ ಪಟ್ಟಿ, ಅದರ ಹಿಂದೆ ಗೋಲ್ ಪೋಸ್ಟ್. ಅಗಲ 53 ಯಾರ್ಡ್‌ಗಿಂತ ಚೂರು ಹೆಚ್ಚು. ದಾಳಿ ಮಾಡುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಆ ಒಂದೊಂದು ಅವಕಾಶಕ್ಕೂ ‘ಡೌನ್’ ಎಂದು ಹೆಸರು. 10 ಯಾರ್ಡ್ ದಾಟಿದರೆ ಮತ್ತೆ ನಾಲ್ಕು ಅವಕಾಶ, ದಾಟದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಮೊದಲ ದಿನಕ್ಕೆ ಸಾಕು.

ಈಗ ಜಾಗದ ಮಾತು. ಮೈದಾನದ ಉದ್ದಕ್ಕೂ ಇರುವ ಆಸನಗಳನ್ನು ಸೈಡ್‌ಲೈನ್ ಎನ್ನೋಣ, ಎರಡು ತುದಿಗಳನ್ನು ಎಂಡ್ ಝೋನ್ ಎನ್ನೋಣ, ಇವೆರಡು ಕೂಡುವ ಕಡೆಯನ್ನು ಮೂಲೆ ಎನ್ನೋಣ. ಸೈಡ್‌ಲೈನ್‌ನ ನಡುಭಾಗದಿಂದ ನೋಡಿದರೆ ತಂಡ ಎಷ್ಟು ಯಾರ್ಡ್ ಮುಂದೆ ಸಾಗಿತು ಎಂಬುದು ಸ್ಪಷ್ಟ. ಟಿಕೆಟ್ ದರದಲ್ಲಿ 50 ಯಾರ್ಡ್ ಗೆರೆಯ ಎದುರಿನ ಜಾಗ ಎಲ್ಲಕ್ಕಿಂತ ತುಟ್ಟಿಯಾಗಿರುವುದು ಇದೇ ಕಾರಣಕ್ಕೆ. ಎಂಡ್ ಝೋನ್‌ನಿಂದ ನೋಡಿದರೆ ಉದ್ದದ ಲೆಕ್ಕ ತಪ್ಪುತ್ತದೆ. ಎದುರು ತುದಿಯಲ್ಲಿ ಆಟಗಾರ ಮೂರು ಯಾರ್ಡ್ ಓಡಿದನೋ ಹದಿಮೂರು ಯಾರ್ಡ್ ಓಡಿದನೋ ತಿಳಿಯುವುದಿಲ್ಲ. ಬದಲಿಗೆ ಅಗಲದ ಚಿತ್ರ ಪೂರ್ತಿ ಸಿಗುತ್ತದೆ. ಚೆಂಡು ಹಿಡಿದವನಿಗೆ ಎಲ್ಲಿ ಸಂದು ತೆರೆಯಿತು, ಯಾವ ರಕ್ಷಕ ಜಾಗ ಬಿಟ್ಟ, ಎಸೆದ ಚೆಂಡಿನ ಕೆಳಗೆ ಯಾರು ಒಂಟಿಯಾಗಿ ಓಡುತ್ತಿದ್ದಾನೆ ಎಂಬುದೆಲ್ಲ ಆಟಗಾರನ ಕಣ್ಣಿಗೆ ಕಾಣುವಂತೆಯೇ ನಿಮಗೂ ಕಾಣುತ್ತದೆ. ಚಿನ್ನಸ್ವಾಮಿಯಲ್ಲಿ ಬೌಲರ್‌ನ ಹಿಂಬದಿಯಿಂದ ಚೆಂಡಿನ ತಿರುವು ಕಾಣುವುದು, ಪಕ್ಕದಿಂದ ಅದರ ವೇಗ ಮಾತ್ರ ಕಾಣುವುದು ಎಂಬ ವ್ಯತ್ಯಾಸ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಟಿವಿಯಲ್ಲಿ ನೋಡಿ ಅಭ್ಯಾಸವಾದವರಿಗೆ ಇನ್ನೊಂದು ಎಚ್ಚರಿಕೆ. ಎಲ್ಲಿಯವರೆಗೆ ಸಾಗಬೇಕು ಎಂದು ತೋರಿಸುವ ಆ ಹಳದಿ ಗೆರೆ ಮೈದಾನದಲ್ಲಿ ಇರುವುದಿಲ್ಲ. ಅದನ್ನು ಪ್ರಸಾರದವರು ಪರದೆಯ ಮೇಲೆ ಬರೆಯುತ್ತಾರೆ. ಕ್ರೀಡಾಂಗಣದಲ್ಲಿ ನಿಮಗೆ ಸಿಗುವ ಗುರುತು ಸೈಡ್‌ಲೈನ್‌ನಲ್ಲಿ ನಿಂತವರು ಹಿಡಿದ ಎರಡು ಕಿತ್ತಳೆ ಬಣ್ಣದ ಕೋಲುಗಳು. ಅವುಗಳ ನಡುವೆ ಸರಿಯಾಗಿ 10 ಯಾರ್ಡ್‌ನ ಸರಪಳಿ. ಮುಂದಿನ ಕೋಲು ಎಲ್ಲಿದೆಯೋ ಅಲ್ಲಿಯವರೆಗೆ ಸಾಗಬೇಕು. ಪಕ್ಕದಲ್ಲೇ ಇನ್ನೊಬ್ಬರು ಎಷ್ಟನೆಯ ಡೌನ್ ಎಂಬ ಅಂಕಿ ಇರುವ ಕೋಲು ಹಿಡಿದಿರುತ್ತಾರೆ. ಜಾಗ ಸಿಕ್ಕ ಕೂಡಲೇ ಈ ಕೋಲುಗಳು ಕಾಣುತ್ತವೆಯೇ ಎಂದು ನೋಡಿ. ಕೆಳಗಿನ ಸಾಲುಗಳಲ್ಲಿ ನಿಂತರೆ ಸೈಡ್‌ಲೈನ್‌ನ ಬದಲಿ ಆಟಗಾರರು, ತರಬೇತುದಾರರು, ಛಾಯಾಗ್ರಾಹಕರು ಅಡ್ಡ ಬಂದು ಅವು ಕಾಣುವುದೇ ಇಲ್ಲ.

3. ವಿದ್ಯಾರ್ಥಿಗಳ ಜಾಗ ಎಲ್ಲಿದೆ, ಏಕೆ ಅಲ್ಲಿದೆ ಎಂದು ತಿಳಿಯಿರಿ

ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ವಿದ್ಯಾರ್ಥಿಗಳಿಗೆಂದೇ ಒಂದು ಭಾಗ ಮೀಸಲಿಡುತ್ತವೆ. ಅದಕ್ಕೆ ‘ಸ್ಟೂಡೆಂಟ್ ಸೆಕ್ಷನ್’ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಎಂಡ್ ಝೋನ್‌ನಲ್ಲಿ, ಮೂಲೆಯಲ್ಲಿ, ಇಲ್ಲವೇ ಪೂರ್ವದ ಸೈಡ್‌ಲೈನ್‌ನಲ್ಲಿ ಇರುತ್ತದೆ. ಒಂದು ಕಾರಣ ದುಡ್ಡು. ನಡುಭಾಗದ ಆಸನಗಳು ದೇಣಿಗೆ ಕೊಡುವ ಹಳೆಯ ವಿದ್ಯಾರ್ಥಿಗಳಿಗೆ ಹೋಗುತ್ತವೆ; ಕೆಲವು ಕುಟುಂಬಗಳು ಅವನ್ನು ದಶಕಗಳಿಂದ ಬಿಟ್ಟುಕೊಟ್ಟಿಲ್ಲ. ಇನ್ನೊಂದು ಕಾರಣ ಸೂರ್ಯ. ಆಟಗಾರರ ಕಣ್ಣಿಗೆ ಬಿಸಿಲು ನೇರವಾಗಿ ಹೊಡೆಯದಂತೆ ಬಹುಪಾಲು ಮೈದಾನಗಳನ್ನು ಉತ್ತರ ದಕ್ಷಿಣವಾಗಿ ಹಾಸಿರುತ್ತಾರೆ. ಮಧ್ಯಾಹ್ನದ ನಂತರ ಪಶ್ಚಿಮದ ಕಡೆ ಕುಳಿತವರಿಗೆ ಬಿಸಿಲು ಬೆನ್ನಿಗೆ, ಪೂರ್ವದ ಕಡೆಯವರಿಗೆ ಮುಖಕ್ಕೆ. ಪತ್ರಕರ್ತರ ಕೊಠಡಿ, ದಾನಿಗಳ ಗಾಜಿನ ಕೋಣೆ ಎಲ್ಲ ಪಶ್ಚಿಮಕ್ಕಿದ್ದು ಹದಿಹರೆಯದವರನ್ನು ಪೂರ್ವಕ್ಕೆ ಕೂರಿಸುವುದು ಕಾಕತಾಳೀಯವೇನಲ್ಲ.

ಕೆಲವು ಉದಾಹರಣೆ ನೋಡಿ. ಪೆನ್ ಸ್ಟೇಟ್‌ನ ಬೀವರ್ ಕ್ರೀಡಾಂಗಣದಲ್ಲಿ ವಿದ್ಯಾರ್ಥಿಗಳದ್ದು ದಕ್ಷಿಣದ ತುದಿ. 20,000ಕ್ಕೂ ಹೆಚ್ಚು ಮಂದಿ ಒಂದೇ ಗೋಡೆಯಂತೆ ನಿಲ್ಲುತ್ತಾರೆ. ಓಹಾಯೊ ಸ್ಟೇಟ್‌ನ ಕ್ರೀಡಾಂಗಣ 1922ರದ್ದು, ಕುದುರೆ ಲಾಳದ ಆಕಾರದ್ದು. ಆ ಲಾಳದ ಬಾಯಿಯ ಕಡೆ, ಅಂದರೆ ದಕ್ಷಿಣಕ್ಕೆ, ‘ಬ್ಲಾಕ್ ಓ’ ಎಂಬ ವಿದ್ಯಾರ್ಥಿ ಸಂಘ ಸೇರುತ್ತದೆ. ಸಂಘ ಶುರುವಾದದ್ದು 1938ರಲ್ಲಿ. ಕ್ಲೆಮ್ಸನ್‌ನಲ್ಲಿ ಪೂರ್ವದ ತುದಿಗೆ ಆಸನಗಳೇ ಇಲ್ಲದ ಹುಲ್ಲಿನ ದಿಬ್ಬವಿದೆ. ತಂಡ ಮೈದಾನಕ್ಕೆ ಇಳಿಯುವುದು ಆ ದಿಬ್ಬದ ಮೇಲಿಂದಲೇ. ಹೀಗಾಗಿ ಅಲ್ಲಿ ಜಾಗ ಹಿಡಿದ ವಿದ್ಯಾರ್ಥಿಗಳ ನಡುವಿನಿಂದಲೇ ಆಟಗಾರರು ಓಡಿ ಇಳಿಯುತ್ತಾರೆ. ಆಟ ನೋಡಲು ಅದು ಒಳ್ಳೆಯ ಜಾಗವೇನಲ್ಲ. ಇಳಿಜಾರಿನಲ್ಲಿ ಕಾಲು ಊರಿ ನಿಲ್ಲುವುದೇ ಒಂದು ವ್ಯಾಯಾಮ. ಆದರೂ ಒಮ್ಮೆ ಅಲ್ಲಿ ನಿಲ್ಲಬೇಕು.

4. ಟಿಕೆಟ್ ಯಾವ ಬಗೆಯದು ಎಂದು ಕೇಳಿ

ಜಾಗದ ಆಯ್ಕೆ ಅರ್ಧ ಇಲ್ಲಿಯೇ ನಿರ್ಧಾರವಾಗುತ್ತದೆ. ಒಂದು ಬಗೆಯಲ್ಲಿ ಸಾಲು, ಸಂಖ್ಯೆ ಎಲ್ಲ ಟಿಕೆಟ್‌ನಲ್ಲೇ ಅಚ್ಚಾಗಿರುತ್ತದೆ. ಇನ್ನೊಂದರಲ್ಲಿ ವಿದ್ಯಾರ್ಥಿಗಳ ಭಾಗದೊಳಗೆ ಮೊದಲು ಬಂದವರಿಗೆ ಮೊದಲ ಜಾಗ. ಮಿಶಿಗನ್ ವಿಶ್ವವಿದ್ಯಾಲಯ 2013ರಲ್ಲಿ ಮೊದಲ ಪದ್ಧತಿ ಬಿಟ್ಟು ಎರಡನೆಯದಕ್ಕೆ ಬಂತು. ಹಿರಿಯ ವಿದ್ಯಾರ್ಥಿಗಳು ಸಿಡಿಮಿಡಿಗೊಂಡರು. ಮರು ವರ್ಷವೇ ಸಂಖ್ಯೆ ಇರುವ ಟಿಕೆಟ್‌ಗೆ ಮರಳಿತು. ಇದರಿಂದ ತಿಳಿಯುವುದಿಷ್ಟೇ: ಹಿಂದಿನ ವರ್ಷದ ಸೀನಿಯರ್ ಹೇಳಿದ ನಿಯಮ ಈ ವರ್ಷಕ್ಕೆ ನಿಲ್ಲಬೇಕೆಂದಿಲ್ಲ. ಟಿಕೆಟ್ ಕಚೇರಿಯ ಪುಟವನ್ನು ನೀವೇ ತೆರೆದು ನೋಡಿ.

ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ರೂಢಿ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅನುಕೂಲಕರ. ಅಲ್ಲಿ ಪಂದ್ಯದ ವಾರ ಟಿಕೆಟ್ ಎತ್ತಿಕೊಳ್ಳುವ ಸರದಿ ತರಗತಿಯ ಪ್ರಕಾರ ನಡೆಯುತ್ತದೆ. ಅಂತಿಮ ವರ್ಷದವರೊಂದಿಗೆ ಸ್ನಾತಕೋತ್ತರದವರಿಗೂ ಸೋಮವಾರ, ಕೊನೆಗೆ ಗುರುವಾರ ಮೊದಲ ವರ್ಷದವರಿಗೆ. ಎಂ.ಎಸ್.ಗೆ ಸೇರಿ ಒಂದು ತಿಂಗಳಾಗಿದ್ದರೂ ನೀವು ಹಿರಿಯರ ಸಾಲಿನಲ್ಲಿ! ಬಹಳಷ್ಟು ನಮ್ಮ ಹುಡುಗರಿಗೆ ಇದು ತಿಳಿಯದೆ ಬುಧವಾರ ಸಂಜೆ ಹೋಗಿ, ಮೂರನೆಯ ಅಂತಸ್ತಿನ ಮೂಲೆ ಹಿಡಿದು ಬರುತ್ತಾರೆ.

5. ಸಾಲನ್ನು ಆರಿಸಿ

ಮುಖ್ಯ ವಿಷಯ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಹತ್ತು ಸಾಲುಗಳು ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಮುಖಕ್ಕೆ ಬಣ್ಣ ಬಳಿದುಕೊಂಡವರು, ಅಂಗಿ ಇಲ್ಲದೆ ಎದೆಯ ಮೇಲೆ ಒಂದೊಂದು ಅಕ್ಷರ ಬರೆದುಕೊಂಡು ಸಾಲಾಗಿ ನಿಂತವರು, ಟಿವಿ ಕ್ಯಾಮೆರಾ ಹುಡುಕುವವರು ಎಲ್ಲ ಇಲ್ಲೇ. ಆಟ ಮಾತ್ರ ಕಾಣುವುದಿಲ್ಲ. ಆಟಗಾರರ ಎತ್ತರವೇ ಆರು ಅಡಿಗೂ ಹೆಚ್ಚು, ಮೇಲೆ ಹೆಲ್ಮೆಟ್. ಇಪ್ಪತ್ತೆರಡು ಮಂದಿ ಒಂದೇ ಮಟ್ಟದಲ್ಲಿ ಕಾಣುವಾಗ ಯಾರು ಯಾರ ಹಿಂದೆ ಎಂದು ಗೊತ್ತಾಗುವುದು ಹೇಗೆ? ಅಂಕ ಗಳಿಸಿದ್ದನ್ನೂ ಪಕ್ಕದವರ ಕೂಗಿನಿಂದ ತಿಳಿಯಬೇಕು. ತಂಡದ ತರಬೇತುದಾರರಲ್ಲೇ ಕೆಲವರು ಮೈದಾನ ಬಿಟ್ಟು ಎತ್ತರದ ಕೊಠಡಿಯಲ್ಲಿ ಕುಳಿತು, ಹೆಡ್‌ಸೆಟ್‌ನಲ್ಲಿ ಕೆಳಗಿನವರಿಗೆ ಹೇಳುತ್ತಿರುತ್ತಾರೆ. ಸಂಬಳ ತೆಗೆದುಕೊಂಡು ಆಟ ಓದುವವರೇ ಮೇಲೆ ಹತ್ತಿ ಕೂರುತ್ತಾರೆ ಎಂದರೆ ನಾವು ಮುಂದಿನ ಸಾಲಿಗೆ ಮುಗಿಬೀಳುವುದರಲ್ಲಿ ಅರ್ಥವಿಲ್ಲ.

ಎಷ್ಟು ಎತ್ತರ ಎಂಬುದು ಕ್ರೀಡಾಂಗಣದ ಇಳಿಜಾರನ್ನು ಅವಲಂಬಿಸಿದೆ. ಆನ್ ಆರ್ಬರ್‌ನಲ್ಲಿರುವ ಮಿಶಿಗನ್ ಕ್ರೀಡಾಂಗಣ 1927ರಲ್ಲಿ ತೆರೆದದ್ದು, 107,601 ಮಂದಿಯ ಸಾಮರ್ಥ್ಯದ್ದು. ಅದರ ಬಹುಭಾಗ ನೆಲಮಟ್ಟದ ಕೆಳಗಿರುವ ಬಟ್ಟಲು. ನೀವು ಒಳಗೆ ಕಾಲಿಟ್ಟಾಗಲೇ ಮೇಲಿನ ಸಾಲುಗಳ ಬಳಿ ಇರುತ್ತೀರಿ, ಅಲ್ಲಿಂದ ಕೆಳಗಿಳಿಯಬೇಕು. ಇಳಿಜಾರು ಹದವಾಗಿರುವುದರಿಂದ ಸಾಕಷ್ಟು ಮೇಲೆಯೇ ಉಳಿದರೆ ಒಳ್ಳೆಯದು. ಅಂತಸ್ತು ಅಂತಸ್ತಾಗಿ ಕಡಿದಾಗಿ ಕಟ್ಟಿದ ಕಡೆ ಎರಡನೆಯ ಅಂತಸ್ತಿನ ಮೊದಲ ಸಾಲುಗಳಷ್ಟು ಒಳ್ಳೆಯ ಜಾಗ ಬೇರೆ ಇಲ್ಲ: ಎತ್ತರವೂ ಸಿಗುತ್ತದೆ, ದೂರವೂ ಆಗುವುದಿಲ್ಲ, ಮುಂದೆ ತಲೆ ಅಡ್ಡ ಬರುವುದಿಲ್ಲ.

ಮೊದಲ ಅಂತಸ್ತಿನ ಕಟ್ಟಕಡೆಯ ಸಾಲುಗಳ ಬಗ್ಗೆ ಎಚ್ಚರ. ಮೇಲಿನ ಅಂತಸ್ತು ಚಾವಣಿಯಂತೆ ಮುಂದಕ್ಕೆ ಚಾಚಿರುತ್ತದೆ. ಮಳೆಗೆ, ಬಿಸಿಲಿಗೆ ಅದು ವರವೇ. ಆದರೆ ಆಕಾಶಕ್ಕೆ ಒದ್ದ ಚೆಂಡು ಚಾವಣಿಯಾಚೆ ಮಾಯವಾಗಿ, ಎಲ್ಲರೂ ಬಾಯಿ ತೆರೆದು ಕಾಯುತ್ತಿರುವಾಗ ನಿಮಗೆ ಮಾತ್ರ ಕಾಂಕ್ರೀಟ್ ಕಾಣುತ್ತದೆ. ದೊಡ್ಡ ಪರದೆಯೂ ಅಷ್ಟೆ. ಎಂಡ್ ಝೋನ್‌ನಲ್ಲಿ ನಿಂತವರ ತಲೆಯ ಮೇಲೆಯೇ ಪರದೆ ಇದ್ದರೆ ಅದು ಅವರಿಗೆ ಇದ್ದೂ ಇಲ್ಲದಂತೆ. ಎದುರು ತುದಿಯಲ್ಲಿ ಇನ್ನೊಂದು ಪರದೆ ಇದೆಯೇ ಎಂದು ಕ್ರೀಡಾಂಗಣದ ನಕ್ಷೆಯಲ್ಲಿ ನೋಡಿಕೊಳ್ಳಿ. ಆಟ ಕಲಿಯುವವನಿಗೆ ಮರುಪ್ರದರ್ಶನವೇ ಮೇಷ್ಟ್ರು.

ವಿದ್ಯಾರ್ಥಿಗಳ ಭಾಗ ಮೂಲೆಯಿಂದ ಎಂಡ್ ಝೋನ್‌ವರೆಗೆ ಹರಡಿದ್ದರೆ ನಾನು ಆರಿಸುವುದು ಮೂಲೆಯನ್ನು. ಗೋಲ್ ಗೆರೆಯಿಂದ 20 ಯಾರ್ಡ್ ಗೆರೆಯವರೆಗಿನ ಆ ಓರೆಯ ಜಾಗದಲ್ಲಿ ಉದ್ದವೂ ಒಂದಿಷ್ಟು ಕಾಣುತ್ತದೆ, ಅಗಲವೂ ಒಂದಿಷ್ಟು ಕಾಣುತ್ತದೆ. ಪೂರ್ತಿ ಎಂಡ್ ಝೋನ್‌ಗೆ ಹೋಗುವುದಾದರೆ ಗೋಲ್ ಪೋಸ್ಟ್‌ನ ನೇರ ಹಿಂದೆ, ಅಡ್ಡಕಂಬಿಗಿಂತ ಸಾಕಷ್ಟು ಮೇಲೆ ನಿಲ್ಲಿ. ಅಡ್ಡಕಂಬಿ ನೆಲದಿಂದ 10 ಅಡಿ ಎತ್ತರದಲ್ಲಿದೆ, ಎರಡು ಕಂಬಗಳ ನಡುವಿನ ಅಂತರ 18 ಅಡಿ 6 ಅಂಗುಲ. ಒದ್ದ ಚೆಂಡು ಅಡ್ಡಕಂಬಿಯ ಮೇಲಿಂದ ಆ ಕಂಬಗಳ ನಡುವೆ ಹಾದುಹೋದರೆ ಅಂಕ. ಕೊನೆಯ ಗಳಿಗೆಯಲ್ಲಿ ಪಂದ್ಯದ ಹಣೆಬರಹ ಒಂದು ಒದೆತದ ಮೇಲೆ ನಿಂತಾಗ, ಚೆಂಡು ಆ ಸಂದಿನತ್ತ ಹೊರಳುತ್ತಾ ನೇರ ನಿಮ್ಮ ಕಡೆಗೇ ಬರುತ್ತದೆ. ಕಂಬಗಳ ಕೆಳಗೆ ನಿಂತ ಇಬ್ಬರು ತೀರ್ಪುಗಾರರು ಕೈ ಎತ್ತುವ ಮೊದಲೇ ಒಳಗೋ ಹೊರಗೋ ನಿಮಗೆ ಗೊತ್ತಾಗಿರುತ್ತದೆ. 50 ಯಾರ್ಡ್ ಗೆರೆಯ ದಾನಿಗೆ ಈ ಭಾಗ್ಯವಿಲ್ಲ. ಪಂದ್ಯ ನಡೆಯುವುದು ‘ಕ್ವಾರ್ಟರ್’ ಎಂಬ ನಾಲ್ಕು ಸಮಭಾಗಗಳಲ್ಲಿ. ಎರಡು ತಂಡಗಳೂ ಮೊದಲನೆಯ ಹಾಗೂ ಮೂರನೆಯ ಕ್ವಾರ್ಟರ್‌ಗಳ ನಂತರ ತುದಿ ಬದಲಿಸುವುದರಿಂದ, ಇಡೀ ಪಂದ್ಯ ಆಚೆ ತುದಿಯಲ್ಲೇ ನಡೆದುಹೋದೀತೆಂಬ ಭಯವೂ ಬೇಡ.

ವಾದ್ಯವೃಂದ ನೋಡಲೆಂದೇ ಹೋಗುವವರು ಇದ್ದಾರೆ, ನಾನು ಅವರ ಪಕ್ಷ. ವಿರಾಮದ 20 ನಿಮಿಷ ನೂರಾರು ವಾದಕರು ಮೈದಾನದಲ್ಲಿ ನಡೆಯುತ್ತಲೇ ಚಿತ್ರ ಬಿಡಿಸುತ್ತಾರೆ. ಓಹಾಯೊ ಸ್ಟೇಟ್‌ನ ವಾದಕರು 1936ರಿಂದ ತಮ್ಮ ರಾಜ್ಯದ ಹೆಸರನ್ನು ಕೂಡಕ್ಷರದಲ್ಲಿ ಹೀಗೆಯೇ ಬರೆಯುತ್ತಿದ್ದಾರೆ. ಅದರಲ್ಲಿನ ಇಂಗ್ಲಿಷ್ ‘ಐ’ ಅಕ್ಷರದ ಮೇಲಿನ ಚುಕ್ಕಿಯಾಗಿ ನಿಲ್ಲುವುದು ದೊಡ್ಡ ಹಿತ್ತಾಳೆ ವಾದ್ಯ ಹೊತ್ತ ಹಿರಿಯ ವಾದಕನಿಗೆ ಸಿಗುವ ಗೌರವ. ಇಂಥದ್ದು ಕೆಳಗಿನ ಸಾಲಿನಿಂದ ಟೋಪಿಗಳ ಗುಂಪಾಗಿ ಮಾತ್ರ ಕಾಣುತ್ತದೆ. ಸಾಮಾನ್ಯವಾಗಿ ವಾದ್ಯವೃಂದ ಪತ್ರಕರ್ತರ ಕೊಠಡಿ ಇರುವ ಕಡೆಗೆ ಮುಖ ಮಾಡಿ ನುಡಿಸುತ್ತದೆ. ಎದುರು ಬದಿಯ ವಿದ್ಯಾರ್ಥಿಗಳಿಗೆ ಬೆನ್ನು. ಎತ್ತರ ಹೆಚ್ಚಿದಷ್ಟೂ ಈ ನಷ್ಟ ಕಡಿಮೆ.

6. ಬಿಸಿಲು, ಚಳಿ, ಮಳೆಯ ಲೆಕ್ಕ ಹಾಕಿ

ಋತು ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಕೊನೆಯವರೆಗೆ ಸಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಟೆಕ್ಸಸ್, ಅರಿಜೋನಾ, ಲೂಸಿಯಾನಾ ಕಡೆ ಅಲ್ಯೂಮಿನಿಯಂ ಬೆಂಚು ಕಾವಲಿಯಾಗಿರುತ್ತದೆ. ಅರಿಜೋನಾದಲ್ಲಿ ಆ ತಿಂಗಳ ಪಂದ್ಯಗಳನ್ನು ರಾತ್ರಿಗೆ ತಳ್ಳುವುದು ಅದಕ್ಕಾಗಿಯೇ. ಮಧ್ಯಾಹ್ನ ಮೂರೂವರೆಯ ಪಂದ್ಯಕ್ಕೆ ಪೂರ್ವದ ಬದಿಯಲ್ಲಿ ಜಾಗ ಸಿಕ್ಕಿದ್ದರೆ ಸೂರ್ಯ ಮುಳುಗುವವರೆಗೂ ಕಣ್ಣಿಗೇ ಬಿಸಿಲು. ಅಂಚಿರುವ ಟೋಪಿ, ತಂಪು ಕನ್ನಡಕ ಮರೆಯಬೇಡಿ. ನವೆಂಬರ್‌ನ ತಗ್ಗಿದ ಸೂರ್ಯ ಉತ್ತರದ ತುದಿಯಲ್ಲಿ ನಿಂತವರನ್ನೂ ಕಾಡುತ್ತಾನೆ, ದಕ್ಷಿಣದ ತುದಿಯವರಿಗೆ ಅವನು ಬೆನ್ನ ಹಿಂದೆ. ಟಿವಿ ಪ್ರಸಾರದವರ ಒಪ್ಪಂದದಿಂದಾಗಿ ಪಂದ್ಯದ ಸಮಯ ಎಷ್ಟೋ ಸಲ ಒಂದೆರಡು ವಾರ ಮುಂಚೆ ಮಾತ್ರ ತಿಳಿಯುತ್ತದೆ.

ವಿಸ್ಕಾನ್ಸಿನ್, ಮಿಶಿಗನ್, ಪೆನ್ಸಿಲ್ವೇನಿಯಾಗಳ ನವೆಂಬರ್ ಬೇರೆಯೇ ಮಾತು. ಅಲ್ಲಿ ಚಳಿ ಮೇಲಿನಿಂದ ಬರುವುದಕ್ಕಿಂತ ಕಾಲಡಿಯಿಂದ ಏರುವುದು ಹೆಚ್ಚು. ಲೋಹದ ಹಲಗೆಯ ಮೇಲೆ ಮೂರು ಗಂಟೆ ನಿಂತರೆ ಬೂಟಿನೊಳಗಿನ ಬೆರಳುಗಳು ಮರಗಟ್ಟುತ್ತವೆ. ಒಂದು ತುಂಡು ರಟ್ಟನ್ನು ಮಡಿಸಿ ಕೋಟಿನೊಳಗೆ ಇಟ್ಟುಕೊಂಡು ಹೋಗಿ ಕಾಲಡಿ ಹಾಕಿಕೊಳ್ಳಿ. ಅಲ್ಲಿನ ಹಳಬರೂ ಇದನ್ನೇ ಮಾಡುತ್ತಾರೆ. ಕಟ್ಟಕಡೆಯ ಮೇಲಿನ ಸಾಲುಗಳಲ್ಲಿ ಗಾಳಿ ಹೆಚ್ಚು, ಹಾಗಾಗಿ ಎತ್ತರ ಬೇಕು ಎಂಬ ನನ್ನ ಮಾತನ್ನು ನವೆಂಬರ್‌ನಲ್ಲಿ ಒಂದಿಷ್ಟು ಸಡಿಲಿಸಿಕೊಳ್ಳಿ. ಛತ್ರಿಯನ್ನು ಬಹುತೇಕ ಎಲ್ಲೂ ಒಳಗೆ ಬಿಡುವುದಿಲ್ಲ; ರೇನ್‌ಕೋಟ್ ಇರಲಿ.

7. ಗದ್ದಲದಲ್ಲಿ ನಿಮ್ಮ ಪಾಲೇನು ತಿಳಿದುಕೊಳ್ಳಿ

ವಿದ್ಯಾರ್ಥಿಗಳ ಭಾಗ ಎಂದರೆ ಸುಮ್ಮನೆ ಕಡಿಮೆ ದರದ ಆಸನವಲ್ಲ, ಅಲ್ಲಿ ನಿಂತವರಿಗೆ ಒಂದು ಕೆಲಸವಿದೆ. ಎದುರಾಳಿ ದಾಳಿ ಮಾಡುವಾಗ ಗಂಟಲು ಹರಿಯುವಂತೆ ಕೂಗಬೇಕು, ನಮ್ಮ ತಂಡ ದಾಳಿ ಮಾಡುವಾಗ ತೆಪ್ಪಗಿರಬೇಕು. ಹೊಸಬರು ಇದನ್ನು ತಿರುಗುಮುರುಗು ಮಾಡಿ ಪಕ್ಕದವರಿಂದ ಬೈಸಿಕೊಳ್ಳುತ್ತಾರೆ. ದಾಳಿಯ ನಾಯಕ ಕ್ವಾರ್ಟರ್‌ಬ್ಯಾಕ್ ಕೊನೆಯ ಕ್ಷಣದಲ್ಲಿ ತನ್ನವರಿಗೆ ಯೋಜನೆ ಕೂಗಿ ಹೇಳುತ್ತಾನೆ. ಅದು ಕೇಳಿಸದೆ ಒಬ್ಬ ಆಟಗಾರ ಮೊದಲೇ ಮಿಸುಕಿದರೂ ಐದು ಯಾರ್ಡ್ ದಂಡ. 2024ರಿಂದ ಉನ್ನತ ದರ್ಜೆಯ ಪಂದ್ಯಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ತರಬೇತುದಾರರ ಮಾತು ಕೇಳಿಸುವ ವ್ಯವಸ್ಥೆ ಬಂದಿದೆ. ಆದರೆ ಪ್ರತಿ ಡೌನ್ ಶುರು ಮಾಡಲು ಕೊಡುವ ಸಮಯವನ್ನು ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಮುಂದಿನ ಹದಿನೈದು ಸೆಕೆಂಡ್ ನಿಮ್ಮದು. ಮೂರನೆಯ ಡೌನ್ ಬಂದಾಗ ಹಲವು ಕಡೆ ವಿದ್ಯಾರ್ಥಿಗಳು ಜೇಬಿನಿಂದ ಬೀಗದ ಕೈಗೊಂಚಲು ತೆಗೆದು ತಲೆಯ ಮೇಲೆ ಎತ್ತಿ ಝಣಝಣ ಅಲ್ಲಾಡಿಸುತ್ತಾರೆ. ಸಾವಿರಾರು ಕೀಲಿಗಳ ಆ ಸದ್ದು ವಿಚಿತ್ರವಾಗಿರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅಷ್ಟೆ.

ಇಡೀ ಪಂದ್ಯ ನಿಂತೇ ನೋಡಬೇಕು ಎಂಬುದನ್ನೂ ತಿಳಿದಿರಿ. ಪಂದ್ಯದ ಗಡಿಯಾರ ಒಟ್ಟು 60 ನಿಮಿಷವಾದರೂ ಕ್ರೀಡಾಂಗಣದಲ್ಲಿ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಟೆಕ್ಸಸ್ ಎ ಅಂಡ್ ಎಂನಲ್ಲಿ ನಿಲ್ಲುವುದೇ ವ್ರತ. 1922ರ ಜನವರಿ 2ರಂದು ಡಲ್ಲಾಸ್‌ನ ಪಂದ್ಯದಲ್ಲಿ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಪ್ರೇಕ್ಷಕರ ಕಡೆಯಿಂದ ಕರೆಸಿ ಪೋಷಾಕು ತೊಡಿಸಿ ಸಿದ್ಧವಾಗಿ ನಿಲ್ಲಿಸಿದ್ದರಂತೆ. ಆಡುವ ಪ್ರಸಂಗ ಬರಲಿಲ್ಲ. ಅಂದಿನಿಂದ ಅಲ್ಲಿನ ವಿದ್ಯಾರ್ಥಿಗಳೆಲ್ಲರೂ ತಂಡದ ಹನ್ನೆರಡನೆಯ ಆಟಗಾರ. ಕರೆ ಬಂದರೆ ಸಿದ್ಧರಿದ್ದೇವೆಂದು ನಿಂತೇ ಇರುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಮೂರನೆಯ ಕ್ವಾರ್ಟರ್ ಮುಗಿದ ಕೂಡಲೇ ಒಂದು ಹಾಡಿಗೆ ಇಡೀ ವಿದ್ಯಾರ್ಥಿ ಸಮೂಹ ಕುಪ್ಪಳಿಸುವುದು 1998ರಿಂದ ನಡೆದುಬಂದಿದೆ. ಮೊಣಕಾಲು ನೋವಿರುವವರು ಅಲ್ಲಿ ಸಾಲಿನ ತುದಿಯ ಜಾಗ ಹಿಡಿಯುವುದು ಮೇಲು.

ಮುಂದಿನ ಸಾಲು ಬೇಡ ಎನ್ನಲು ನನಗಿರುವ ದೊಡ್ಡ ಕಾರಣವೂ ವಿಸ್ಕಾನ್ಸಿನ್‌ನದೇ. 1993ರ ಅಕ್ಟೋಬರ್ 30ರಂದು ಅಲ್ಲಿ ಮಿಶಿಗನ್ ತಂಡವನ್ನು ಮಣಿಸಿದ ಸಂಭ್ರಮಕ್ಕೆ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿದರು. ಕೆಳಗಿನ ಸಾಲುಗಳವರು ಬೇಲಿಗೆ ಸಿಲುಕಿ ಎಪ್ಪತ್ತರಷ್ಟು ಮಂದಿ ಗಾಯಗೊಂಡರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದದ್ದನ್ನು ಕಂಡ ನಮಗೆ ನೂಕುನುಗ್ಗಲು ಏನೆಂದು ಗೊತ್ತು. ಪ್ರಬಲ ಎದುರಾಳಿಯ ವಿರುದ್ಧ ಗೆಲುವು ಹತ್ತಿರವಾದಾಗ ಕೊನೆಯ ಐದು ನಿಮಿಷ ಇರುವಂತೆಯೇ ಮೆಟ್ಟಿಲು ಹತ್ತಿ ಮೇಲೆ ಬನ್ನಿ. ಮೇಲಿನಿಂದ ನೋಡಿದರೂ ಗೆಲುವು ಗೆಲುವೇ.

8. ಹೊರಡುವ ಮುನ್ನ

ಬಟ್ಟೆಯ ಬಣ್ಣ ನೋಡಿಕೊಳ್ಳಿ. ಓಹಾಯೊ ಸ್ಟೇಟ್‌ನಲ್ಲಿ ಮಿಶಿಗನ್ ವಿರುದ್ಧದ ಪಂದ್ಯದ ವಾರ ಆವರಣದ ಫಲಕಗಳಲ್ಲಿನ ಎಂ ಅಕ್ಷರಗಳನ್ನೆಲ್ಲ ಕೆಂಪು ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಅಂಥ ಕಡೆ ಊರಿಂದ ತಂದ ನೀಲಿ ಸ್ವೆಟರ್ ತೊಟ್ಟು ವಿದ್ಯಾರ್ಥಿಗಳ ನಡುವೆ ನಿಲ್ಲುವುದು ಧೈರ್ಯದ ಕೆಲಸ. ಪೆನ್ ಸ್ಟೇಟ್‌ನ ಒಂದು ಪಂದ್ಯಕ್ಕೆ ಎಲ್ಲರೂ ಬಿಳಿ ಉಡುತ್ತಾರೆ. 2004ರಲ್ಲಿ ವಿದ್ಯಾರ್ಥಿಗಳ ಭಾಗದಲ್ಲಿ ಶುರುವಾದ ಈ ರೂಢಿ 2007ರಲ್ಲಿ ಇಡೀ ಕ್ರೀಡಾಂಗಣಕ್ಕೆ ಹಬ್ಬಿತು.

ಚೀಲ ಪಾರದರ್ಶಕ ಪ್ಲಾಸ್ಟಿಕ್‌ನದ್ದಾಗಿರಬೇಕು. ಹೆಚ್ಚಿನ ಕಡೆ ಅಳತೆ 12 ಅಂಗುಲ ಉದ್ದ, 12 ಎತ್ತರ, 6 ಅಗಲ. ಲ್ಯಾಪ್‌ಟಾಪ್ ಚೀಲ ಹೊತ್ತು ಗ್ರಂಥಾಲಯದಿಂದ ನೇರ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಟಿಕೆಟ್ ಮೊಬೈಲ್‌ನಲ್ಲಿರುವುದರಿಂದ ಮನೆಯಲ್ಲೇ ಇಳಿಸಿಟ್ಟುಕೊಳ್ಳಿ, ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ನಂಬುವಂತಿಲ್ಲ. ಸಂಖ್ಯೆ ಇಲ್ಲದ ಟಿಕೆಟ್ ಆದರೆ ಸ್ನೇಹಿತರೆಲ್ಲ ಒಟ್ಟಿಗೇ ಒಳಗೆ ಹೋಗಬೇಕು. ಇಬ್ಬರು ಮೊದಲು ಹೋಗಿ ಆರು ಜನರಿಗೆ ಟವೆಲ್ ಹಾಸಿ ಜಾಗ ಹಿಡಿಯುವ ನಮ್ಮ ಬಸ್ಸಿನ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಸರದಿಯಲ್ಲಿ ಇದ್ದರೆ ಎಲ್ಲಿ ಬೇಕಾದರೂ ನಿಲ್ಲಬಹುದು, ಆಟ ಶುರುವಾಗುವಾಗ ಬಂದರೆ ಉಳಿದದ್ದು ನಿಮ್ಮದು. ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ಚೀಸ್ ಹಾಕಿದ ನಾಚೋಸ್ ಸಿಗುತ್ತವೆ. ‘ಚಿಲಿ’ ಎಂದು ಮೇಲೆ ಸುರಿಯುವುದು ಮೆಣಸಿನಕಾಯಿಯಲ್ಲ, ಹೆಚ್ಚಾಗಿ ದನದ ಮಾಂಸದ ಸಾರು, ಕೇಳಿ ತೆಗೆದುಕೊಳ್ಳಿ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡದ ಕಡೆಗಳೇ ಹೆಚ್ಚು, ಆದ್ದರಿಂದ ಊಟ ಮುಗಿಸಿಯೇ ಹೋಗುವುದು ಒಳ್ಳೆಯದು.

9. ವಿದ್ಯಾರ್ಥಿಗಳ ಭಾಗ ಯಾರಿಗೆ ಬೇಡ

ಊರಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಡಿ. ಮೂರೂವರೆ ಗಂಟೆ ನಿಲ್ಲುವುದು ಒಂದು ಕಡೆ, ಒಕ್ಕೊರಲಿನಿಂದ ಕೇಳಿಬರುವ ಬೈಗುಳ ಇನ್ನೊಂದು ಕಡೆ. ಅವರಿಗೆ ಪಶ್ಚಿಮದ ಬದಿಯ ಮೇಲಿನ ಅಂತಸ್ತಿನಲ್ಲಿ, ಸಣ್ಣ ತಂಡದೊಂದಿಗಿನ ಸೆಪ್ಟೆಂಬರ್ ಪಂದ್ಯಕ್ಕೆ ಸಾರ್ವಜನಿಕರ ಟಿಕೆಟ್ ಕೊಳ್ಳಿ. ದರವೂ ಆಗ ಇಳಿದಿರುತ್ತದೆ. ನಿಲ್ಲಲು ತೊಂದರೆ ಇರುವ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಆಸನಗಳಿರುತ್ತವೆ. ಟಿಕೆಟ್ ಕಚೇರಿಗೆ ಮೊದಲೇ ಬರೆದರೆ ವ್ಯವಸ್ಥೆ ಮಾಡುತ್ತಾರೆ, ಅದಕ್ಕೆ ಸಂಕೋಚ ಬೇಡ. ಬರ್ಕ್‌ಲಿಯಲ್ಲಿ ಓದುವವರಿಗೆ ಮಾತ್ರ ಇನ್ನೊಂದು ದಾರಿಯಿದೆ. 1923ರಲ್ಲಿ ಕಟ್ಟಿದ ಅಲ್ಲಿನ ಕ್ರೀಡಾಂಗಣದ ಮೇಲ್ಗಡೆಯ ಗುಡ್ಡದಲ್ಲಿ ಕುಳಿತು ಬಿಟ್ಟಿಯಾಗಿ ಪಂದ್ಯ ನೋಡುವವರು ತಲೆಮಾರುಗಳಿಂದ ಇದ್ದಾರೆ. ಜಿಪುಣರ ಗುಡ್ಡವೆಂದೇ ಅದಕ್ಕೆ ಹೆಸರು. ಮೈದಾನದ ಒಂದಷ್ಟು ಭಾಗ ಮರೆಯಾದರೂ ಎತ್ತರದ ವಿಷಯದಲ್ಲಿ ದೂರುವಂತಿಲ್ಲ.

10. ಏಪ್ರಿಲ್‌ನಲ್ಲಿ ಒಮ್ಮೆ ಹೋಗಿ ಬನ್ನಿ

ಹಲವು ವಿಶ್ವವಿದ್ಯಾಲಯಗಳು ವಸಂತದಲ್ಲಿ ತಮ್ಮದೇ ಆಟಗಾರರನ್ನು ಎರಡು ಪಾಲು ಮಾಡಿ ಅಭ್ಯಾಸ ಪಂದ್ಯ ಆಡಿಸುತ್ತವೆ. ಇತ್ತೀಚೆಗೆ ಕೆಲವರು ಕೈಬಿಟ್ಟಿದ್ದಾರೆ, ಉಳಿದ ಕಡೆ ಪ್ರವೇಶ ಉಚಿತ ಅಥವಾ ಅಗ್ಗ. ಜನ ಕಡಿಮೆ, ಎಲ್ಲಿ ಬೇಕಾದರೂ ಕೂರಬಹುದು. ಮೊದಲ ಕ್ವಾರ್ಟರನ್ನು 50 ಯಾರ್ಡ್ ಗೆರೆಯ ಬಳಿ, ಎರಡನೆಯದನ್ನು ಗೋಲ್ ಪೋಸ್ಟ್‌ನ ಹಿಂದೆ, ಮೂರನೆಯದನ್ನು ಮೂಲೆಯ ಎತ್ತರದಲ್ಲಿ ನೋಡಿ. ಚಾವಣಿ ಎಲ್ಲಿಂದ ಅಡ್ಡ ಬರುತ್ತದೆ, ಪರದೆ ಎಲ್ಲಿಗೆ ಕಾಣುತ್ತದೆ ಎಂಬುದನ್ನು ಸಾಲಿನ ಸಂಖ್ಯೆಯ ಸಮೇತ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಋತುವಿನ ವಿದ್ಯಾರ್ಥಿ ಟಿಕೆಟ್‌ಗಳ ಮಾರಾಟ ಹಲವು ಕಡೆ ಬೇಸಿಗೆಯ ರಜೆಯಲ್ಲೇ ಶುರುವಾಗುತ್ತದೆ. ನೀವು ಆಗ ಊರಿನಲ್ಲಿದ್ದರೆ ಅಲ್ಲಿನ ಬೆಳಗಿನ ಹತ್ತು ಗಂಟೆ ಇಲ್ಲಿ ರಾತ್ರಿಯಾಗಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ಅಲಾರಂ ಇಟ್ಟುಕೊಳ್ಳಿ.